ದೊಡ್ಡವ್ವ ನೋಡದ ಕೊನೆ

ನಾನು ಸುಳ್ಳು ಹೇಳುವ ವಿಮರ್ಶಕನಲ್ಲ. ಚಿಕ್ಕೋಡಿಯ ಒಂದು ಸಣ್ಣ ವಾರಪತ್ರಿಕೆಗೆ ಸಿನಿಮಾ ಮತ್ತು ಹಾಡಿನ ಆಲ್ಬಮ್‌ಗಳ ಬಗ್ಗೆ ಬರೆಯತೊಡಗಿ ಇಪ್ಪತ್ತು ವರ್ಷ ದಾಟಿತು. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕ ತಪ್ಪಿದವನಿಗೆ ಅಕ್ಷರ ದುಂಡಗಿದೆ ಎಂದು ಮಾರ್ಕು ಕೊಡುವ ಪೈಕಿ ನಾನಲ್ಲ. ಸಿನಿಮಾದವರಿಗೂ ಅದೇ ನ್ಯಾಯ.

ಹೋದ ದೀಪಾವಳಿಗೆ ಬಂದ ದೊಡ್ಡ ಸಿನಿಮಾ ಒಂದನ್ನು ಎಲ್ಲರೂ ತಲೆಮೇಲೆ ಹೊತ್ತು ಕುಣಿದರು. ಅದರಲ್ಲಿ ನಾಯಕ ಮೂರು ತಾಸು ನಿಧಾನಕ್ಕೆ ನಡೆಯುತ್ತಾನೆ, ಬೆನ್ನ ಹಿಂದೆ ಏನಾದರೊಂದು ಉರಿಯುತ್ತಿರುತ್ತದೆ. ‘ಇಷ್ಟು ನಡೆದವನು ಅಥಣಿ ಬಿಟ್ಟು ಕಾಗವಾಡದ ಅರ್ಧ ಹಾದಿ ಸವೆಸುತ್ತಿದ್ದ, ಈತ ಕಥೆಯ ಹತ್ತಿರಕ್ಕೂ ಬರಲಿಲ್ಲ’ ಎಂದು ಬರೆದೆ. ರಾಯಬಾಗದಿಂದ ಅಭಿಮಾನಿಯೊಬ್ಬ ಫೋನು ಮಾಡಿ, “ಸರ, ಒಮ್ಮೆ ನಮ್ಮ ಊರಿಗೆ ಬರ್ರಿ, ಮಾತಾಡೂಣು” ಎಂದ. ಹೋದೆ. ಅವರ ಗುಂಪು ಮಿಸಳ ತಿನ್ನಿಸಿ, ಚಹಾ ಕುಡಿಸಿ, ಎರಡು ತಾಸು ವಾದ ಮಾಡಿತು. ಮಿಸಳ ಚೆನ್ನಾಗಿತ್ತು. ನನ್ನ ಅಭಿಪ್ರಾಯ ಬದಲಾಗಲಿಲ್ಲ.

ಆಲ್ಬಮ್‌ಗಳನ್ನು ಕೇಳುವುದು ಬಸ್ಸಿನಲ್ಲಿ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ಬಸ್ಸಿನ ಗದ್ದಲ ದಾಟಿ ಎದೆಗೆ ಬಿದ್ದರೆ ಅದು ಹಾಡು. ಮುಂಬಯಿಯ ಹೆಸರಾಂತ ಗಾಯಕಿಯೊಬ್ಬಳ ಪ್ರೇಮಗೀತೆಗಳು ಅಲ್ಲೇ ಸೋತವು. ಆಕೆಯ ದನಿಗೆ ಎಷ್ಟು ಇಸ್ತ್ರಿ ಹೊಡೆದಿದ್ದರೆಂದರೆ, ಅಳುವ ಜಾಗದಲ್ಲೂ ಒಂದು ಸುಕ್ಕಿರಲಿಲ್ಲ. ಅಥಣಿ ಕಡೆಯ ಮೂವರು ಸೇರಿ ಮಾಡಿದ ರ‍್ಯಾಪ್ ಆಲ್ಬಮ್‌ನಲ್ಲಿ ಏಳು ಹಾಡು. ಆರರಲ್ಲಿ ಬರೀ ಕಾರು, ಕಪ್ಪು ಕನ್ನಡಕ, ತಮ್ಮ ದೌಲತ್ತು. ಏಳನೆಯದರಲ್ಲಿ ಒಬ್ಬ, ತನ್ನ ಅವ್ವ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ನಿಲ್ಲುವುದನ್ನು ಹೇಳುತ್ತಾನೆ, ಅರ್ಧ ಕನ್ನಡ, ಅರ್ಧ ಮರಾಠಿ, ನಮ್ಮ ಮನೆಗಳಲ್ಲಿ ಮಾತಾಡುವ ಹಾಗೆಯೇ. ಅದನ್ನು ಕೇಳುತ್ತ ನಾನು ಇಳಿಯುವ ಸ್ಟಾಪು ದಾಟಿ ಹೋಗಿತ್ತು. ಆರು ಹಾಡಿಗೆ ಬೈದು, ಏಳನೆಯದಕ್ಕೆ ಕೈ ಮುಗಿದು ಬರೆದೆ.

ಇಷ್ಟೆಲ್ಲ ಹೇಳಿಕೊಂಡರೂ ಅಳತೆಗೋಲು ನನ್ನದಲ್ಲ, ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಪಾಲಬಾವಿಯಿಂದ ಕಾಲೇಜು ಕಲಿಯಲು ಚಿಕ್ಕೋಡಿಗೆ ಬಂದ ನನ್ನನ್ನು ಎರಡು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಉಣಿಸಿದವಳು. ಆಕೆಗೆ ಸಿನಿಮಾ ಎಂದರೆ ಜೀವ. ರವಿವಾರ ಬಂತೆಂದರೆ ನನ್ನನ್ನು ಜೊತೆಗಿಟ್ಟುಕೊಂಡು ಟಾಕೀಜಿಗೆ ಹೊರಡುತ್ತಿದ್ದಳು, ಕನ್ನಡವಾಗಲಿ ಮರಾಠಿಯಾಗಲಿ. ಆದರೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಮೂರಕ್ಕೆ ಶುರುವಾದ ಆಟ ಬಿಡುವುದು ಆರಕ್ಕೆ. ಅಷ್ಟರಲ್ಲಿ ಅಡುಗೆಯೂ ಆಗಿ, ಎಲ್ಲರ ಊಟವೂ ಆಗಿರಬೇಕು. ಹೀಗಾಗಿ ಇಂಟರ್ವಲ್ ಆಗಿ ಅರ್ಧ ತಾಸಿಗೆ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದಳು.

“ನೀ ನೋಡಿ ಬಾ. ಕೊನಿ ಏನಾತು ಅಂತ ಹೇಳು.”

ಆಟ ಬಿಟ್ಟ ಕೂಡಲೇ ನಾನು ಓಡಿ ಬಂದು ಸೂರ್ಯನ ಜೊತೆ ಪೈಪೋಟಿಯಲ್ಲಿ ಉಣ್ಣುತ್ತಿದ್ದೆ. ಚಳಿಗಾಲದಲ್ಲಿ ಸೋತು, ಹಸಿದು ಮಲಗಿದ್ದೂ ಉಂಟು. ದೊಡ್ಡವ್ವ ಮಾತ್ರ ಟಾಕೀಜಿನಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿದವಳಲ್ಲ. ಎಲ್ಲ ಕೊನೆಗಳನ್ನೂ ನನ್ನ ಬಾಯಿಂದಲೇ ಕೇಳಿದಳು. ಸಿನಿಮಾ ಒಳ್ಳೆಯದಾಗಿದ್ದರೆ, ನಾನು ಕಾಲು ತೊಳೆಯುವ ಮೊದಲೇ “ಹೂಂ, ಹೇಳು” ಎನ್ನುತ್ತಿದ್ದಳು. ಕೆಟ್ಟದ್ದಾಗಿದ್ದರೆ, ನಾನು ಬಾಯಿ ತೆರೆದರೂ “ಬ್ಯಾಡ ಬಿಡು, ಅವರ ಪಾಡಿಗೆ ಅವರಿರ್ಲಿ” ಎಂದು ರೊಟ್ಟಿ ಬಡಿಯುತ್ತಿದ್ದಳು. ಮನೆಗೆ ನಡೆದು ಬರುವ ದಾರಿಯಲ್ಲಿ ಕೊನೆ ಕೇಳಬೇಕೆನ್ನಿಸಿತೋ ಇಲ್ಲವೋ, ಅಷ್ಟೇ ಆಕೆಯ ವಿಮರ್ಶೆ. ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ, ಓದುಗರು ನನ್ನ ಬುದ್ಧಿ ಎಂದುಕೊಂಡಿದ್ದಾರೆ.

ಕೊನೆ ಹೇಳುವುದರಲ್ಲಿ ನಾನು ಕಟ್ಟುನಿಟ್ಟು. ನಾಯಕಿ ಸತ್ತಿದ್ದರೆ ಸತ್ತಳು ಎಂದೇ ಹೇಳಿದೆ. ದೊಡ್ಡವ್ವ ಅತ್ತರೂ ಬದುಕಿಸಲಿಲ್ಲ. ಒಂದೇ ಒಂದು ಸಲ ತಪ್ಪಿದೆ.

ಆಗ ದೊಡ್ಡವ್ವನಿಗೂ ಸದಲಗಾದಲ್ಲಿದ್ದ ಆಕೆಯ ಅಣ್ಣನಿಗೂ ಮಾತು ನಿಂತು ಮೂರು ವರ್ಷವಾಗಿತ್ತು. ಅವರ ಅವ್ವ ತೀರಿಕೊಂಡಾಗ, ಚಿಕ್ಕೋಡಿಗೆ ಸುದ್ದಿ ಮುಟ್ಟಿ ದೊಡ್ಡವ್ವ ಹೋಗುವಷ್ಟರಲ್ಲಿ ದಹನ ಮುಗಿದು, ಅವ್ವನ ಮುಖ ನೋಡುವ ಅವಕಾಶವೂ ಹೋಗಿತ್ತು. “ನನಗ ಅವ್ವನ ಮಾರಿ ತೋರಸಲಿಲ್ಲ” ಎಂದು ಅಲ್ಲೇ ಎಲ್ಲರೆದುರಿಗೆ ಅಂದು, ನೀರು ಕೂಡ ಕುಡಿಯದೆ ಬಂದಿದ್ದಳು. ಆ ವರ್ಷದಿಂದ ಅಣ್ಣ ನಾಗರಪಂಚಮಿಗೆ ಕರೆಯಲು ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಬಂದು ಕರೆದೊಯ್ಯಬೇಕು. ಕರೆಯದೆ ತವರಿನ ಹೊಸ್ತಿಲು ತುಳಿಯುವುದೆಂದರೆ ಹೆಣ್ಣುಮಕ್ಕಳಿಗೆ ಜೀವ ಹೋದಷ್ಟು ಅವಮಾನ. ಪಂಚಮಿಯ ದಿನ ಓಣಿಯ ಎಲ್ಲ ಹೆಂಗಸರೂ ಉಂಡಿಯ ಡಬ್ಬಿ ಹಿಡಿದು ತವರಿಗೆ ಹೊರಟರೆ, ದೊಡ್ಡವ್ವ ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಕೇಳಿದರೆ, “ಗಾಳಿ ಛಲೋ ಬರ್ತೈತಿ ಇಲ್ಲಿ” ಎನ್ನುವಳು.

ಅಂಥ ದಿನಗಳಲ್ಲೇ ಆ ಮರಾಠಿ ಸಿನಿಮಾ ಬಂತು. ಅಣ್ಣ, ತಂಗಿ, ಒಂದು ಜಗಳ, ಬಾಗಿಲಲ್ಲಿ ಕಾಯುವ ತಂಗಿ. ಇಂಟರ್ವಲ್ ಆದ ಮೇಲೆ ದೊಡ್ಡವ್ವ ಅರ್ಧ ತಾಸಿನ ಬದಲು ಮುಕ್ಕಾಲು ತಾಸು ಕೂತಳು. ಎದ್ದಾಗಲೂ ಬಾಗಿಲಿನ ಪರದೆ ಹಿಡಿದು ಸ್ವಲ್ಪ ಹೊತ್ತು ನಿಂತೇ ನೋಡಿದಳು. ಆಮೇಲೆ ಹೋದಳು.

ಕೊನೆ ನಾನು ನೋಡಿದೆ. ಅಣ್ಣ ಬಸ್ಸಿನಲ್ಲಿ ತಂಗಿಯ ಊರಿಗೆ ಬರುತ್ತಾನೆ. ದೂರದಿಂದ ಆಕೆಯನ್ನು ಬಾಗಿಲಲ್ಲಿ ನೋಡುತ್ತಾನೆ. ಹತ್ತಿರ ಹೋಗಲಾರದೆ, ಅದೇ ಬಸ್ಸು ಹತ್ತಿ ಮರಳಿಬಿಡುತ್ತಾನೆ. ಬಸ್ಸಿನ ಧೂಳು, ಸಿನಿಮಾ ಮುಗಿಯಿತು. ಇವತ್ತು ವಿಮರ್ಶಕನಾಗಿ ಹೇಳುತ್ತೇನೆ, ಅಂಥ ಕೊನೆ ನಾನು ನೋಡಿದ್ದು ಕಡಿಮೆ. ಅವತ್ತು ಮಾತ್ರ ನಿರ್ದೇಶಕನಿಗೆ ಮನಸಾರೆ ಬೈಯುತ್ತ ಮನೆಗೆ ಬಂದೆ. ದೊಡ್ಡವ್ವ ಅಡುಗೆ ಮುಗಿಸಿ, ಒಲೆ ಮುಂದೆ ನನ್ನ ದಾರಿ ಕಾಯುತ್ತಿದ್ದಳು. “ಹೂಂ, ಹೇಳು” ಎಂದಳು. ಆಕೆಯ ಮುಖ ನೋಡಿ ನಾನು ಬೇರೆಯೇ ಕೊನೆ ಕಟ್ಟಿದೆ.

“ಆಕಿ ಕರಿಯಾಕ ಬರ್ಲಿ ಅಂತ ಕುಂಡ್ರಲಿಲ್ಲ ದೊಡ್ಡವ್ವಾ. ತಾನ ಎದ್ದ ಹ್ವಾದಳು. ಅಣ್ಣನ ಬಾಗಲದಾಗ ನಿಂತು, ಒಂದ ತಂಬಿಗಿ ನೀರ ಕೊಡ್ರಿ ಅಂದಳು. ಅಷ್ಟ.”

“ಕೊಟ್ಟನೇನ?”

“ಕೊಟ್ಟ.”

ದೊಡ್ಡವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮೂರನೆಯ ದಿನ ನಾನು ಕಾಲೇಜಿನಿಂದ ಬಂದರೆ ಆಕೆ ಇರಲಿಲ್ಲ; ಸದಲಗಾಕ ಹೋಗ್ಯಾಳ ಎಂದರು ಮನೆಯವರು. ಅಣ್ಣ ಬಾಗಿಲು ಹಾಕಿಕೊಂಡರೆ? ಯಾರಾದರೂ ಅವಳನ್ನು ಏನಾದರೂ ಅಂದರೆ? ಸುಳ್ಳು ನನ್ನದು, ನಿಂತವಳು ಆಕೆ. ಮರುದಿನ ಮಧ್ಯಾಹ್ನದವರೆಗೆ ನನಗೆ ಅನ್ನ ಸೇರಲಿಲ್ಲ.

ಮಧ್ಯಾಹ್ನ ದೊಡ್ಡವ್ವ ಬಂದಳು, ಜೊತೆಗೆ ಅಣ್ಣನೂ ಬಂದಿದ್ದ. ಆಮೇಲೆ ಆ ಕಥೆಯನ್ನು ಆಕೆ ಊರಿಗೆಲ್ಲ ಹೇಳಿದಳು: “ಬಾಗಲದಾಗ ನಿಂತ ನೀರ ಕೇಳಿದೆ. ಒಳಗಿಂದ ವೈನಿ ಬರೂದ್ರಾಗ ಅಣ್ಣ ತಾನ ತಂಬಿಗಿ ಹಿಡಕೊಂಡ ಬಂದ. ಅವಸರದಾಗ ಅರ್ಧಾ ನೀರು ಚೆಲ್ಲಿದ. ಉಳದಿದ್ದ ಕುಡದು ಒಳಗ ಹ್ವಾದೆ. ಆ ಸಿನಿಮಾ ತಗದಾವನ ಕೈಗಿ ಬಂಗಾರದ ಕಡೆ ಹಾಕಬೇಕು.” ಆ ಬಂಗಾರದ ಕಡಗ ಯಾರಿಗೆ ಸಲ್ಲಬೇಕಾಗಿತ್ತು ಎಂದು ನಾನು ಬಾಯಿ ಬಿಡಲಿಲ್ಲ.

ಅಂದಿನಿಂದ ಅಣ್ಣ ಒಂದು ಪಂಚಮಿಯನ್ನೂ ತಪ್ಪಿಸಿಲ್ಲ. ನಾನು ಮಾಮಾ ಎನ್ನುವ ಆ ಅಣ್ಣನಿಗೆ ಈಗ ಎಂಬತ್ತರ ಹತ್ತಿರ. ತಂಗಿಯನ್ನು ಕರೆದೊಯ್ಯುವ ಶಕ್ತಿ ಇಲ್ಲ, ಉಂಡಿಯ ಡಬ್ಬಿ ಹಿಡಿದು ತಾನೇ ಬಂದು ಎರಡು ದಿನ ಇರುತ್ತಾನೆ.

ಈ ಸಲದ ಪಂಚಮಿಗೆ ಎರಡು ದಿನ ಮೊದಲು ದೊಡ್ಡವ್ವನ ಫೋನು ಬಂತು. “ಆ ಸಿನಿಮಾ ಟಿವಿಯಾಗ ಸಿಕ್ಕೈತಿ. ಸೊಸಿ ಹುಡಿಕಿ ಇಟ್ಟಾಳ. ಪಂಚಮಿಗಿ ಮುಂಜಾನೆ ಹಚ್ಚೂಣು, ಹೊತ್ತು ಮುಳಗೂ ಚಿಂತಿನೂ ಇಲ್ಲ. ಅಣ್ಣಗೂ ತೋರಸ್ತೀನಿ. ನೀನೂ ಬಾ.”

“ಹಳೇ ಪ್ರಿಂಟು ದೊಡ್ಡವ್ವಾ, ಏನೂ ಕಾಣ್ಸಂಗಿಲ್ಲ. ಈಗ ನೋಡಿದ್ರ ಬ್ಯಾಸರಾ ಬರ್ತೈತಿ.”

“ನಿನ್ನ ವಿಮರ್ಶಾ ಪೇಪರದಾಗ ಇಟ್ಕೊ. ಸುಮ್ನ ಬಾ.”

ಹೇಳಿಬಿಡಬಹುದಾಗಿತ್ತು, ಹೇಳಲಿಲ್ಲ. ಊರಿನವರ ಸಿನಿಮಾಗಳನ್ನು ಎಳೆದಾಡಿ ಬರೆಯುವ ಈ ಗಂಡಸು ಎಪ್ಪತ್ತು ದಾಟಿದ ಹೆಣ್ಣುಮಗಳಿಗೆ ಹೆದರಿದ್ದ. ಆಕೆ ನಂಬಿದ್ದು ನನ್ನ ಬಾಯಿಯನ್ನು. ಅದು ಹೋದರೆ ನನಗೆ ಇಪ್ಪತ್ತು ವರ್ಷದ ಬರಹವೆಲ್ಲ ಇದ್ದೂ ಇಲ್ಲದಂತೆ.

ಪಂಚಮಿಯ ಬೆಳಿಗ್ಗೆ ಮಾಮಾ ಕುರ್ಚಿಯಲ್ಲಿ, ದೊಡ್ಡವ್ವ ಅವನ ಕಾಲ ಹತ್ತಿರ ಚಾಪೆಯಲ್ಲಿ, ನಾನು ಬಾಗಿಲಿಗೆ ಹತ್ತಿರ. ನಡುವೆ ಶೇಂಗಾ ಉಂಡಿಯ ತಾಟು. ದೊಡ್ಡವ್ವ ಪ್ರತಿ ಸೀನಿಗೂ ಅಣ್ಣನಿಗೆ ಮುಂದಿನದನ್ನು ಹೇಳುತ್ತ ಹೋದಳು. ಆಕೆ ಟಾಕೀಜಿನಿಂದ ಎದ್ದು ಹೋದ ಜಾಗ ಬಂತು. ಅಲ್ಲಿಂದ ಸುಮ್ಮನಾದಳು, ಕಣ್ಣು ಮಾತ್ರ ಟಿವಿಯಲ್ಲಿ. ಬಸ್ಸು ಬಂತು. ಅಣ್ಣ ಇಳಿದ, ನೋಡಿದ, ಹತ್ತಿದ. ಧೂಳೆದ್ದಿತು. ಅಕ್ಷರಗಳು ಏರತೊಡಗಿದವು.

ದೊಡ್ಡವ್ವ ನನ್ನ ಕಡೆ ತಿರುಗಿದಳು. “ನೀರ ಎಲ್ಲಿ?”

“ನೀರ ಇದ್ದಿದ್ದಿಲ್ಲ ದೊಡ್ಡವ್ವಾ. ಅದು ನಾ ಹೇಳಿದ್ದು.”

“ಇಷ್ಟ ವರ್ಷ ಊರಿಗೆಲ್ಲಾ ಹೇಳ್ಕೋತ ಬಂದೀನಲೋ ನಾ.” ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. “ನಿನ್ನ ಮಾತ ನಂಬಿ ಹೋಗಿ ನಿಂತೆ. ಅವಾ ಬಾಗಲಾ ಹಾಕಿದ್ದಂದ್ರ?”

ಮಾಮಾ ಇನ್ನೂ ಟಿವಿಯನ್ನೇ ನೋಡುತ್ತಿದ್ದ, ಅದರಲ್ಲಿ ಏನೂ ಇರಲಿಲ್ಲ.

“ಇದು ಖರೇನ ಐತಿ,” ಎಂದ ನಿಧಾನಕ್ಕೆ. “ಮಾತ ಬಿಟ್ಟಾಗ ನಾ ಎರಡ ಪಂಚಮಿಗಿ ಬಂದಿದ್ದೆ. ನಿಮ್ಮ ಓಣ್ಯಾಗಿನ ಗಿರಣಿ ತನಕಾ ಬಂದಿದ್ದೆ. ನೀ ಬಾಗಲದಾಗ ಕುಂತಿದ್ದಿ. ನೋಡಿ, ಹೊಳ್ಳಿ ಹ್ವಾದೆ.”

“ಯಾಕ?”

“ಅವ್ವನ ಮಾರಿ ತೋರಸದಾವ, ನನ್ನ ಮಾರಿ ಹ್ಯಾಂಗ ತೋರಸ್ಲಿ ಅನಿಸ್ತು.”

ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. “ನಿನ್ನ ದಾರೀನ ನೋಡ್ತಿದ್ದೆ ಅಣ್ಣಾ ನಾ. ಒಂದ ಹತ್ತ ಹೆಜ್ಜಿ ಬರಬಾರದಿತ್ತೇನ?” ಮಾಮಾ ಆಕೆಯ ತಲೆಯ ಮೇಲೆ ಕೈ ಇಟ್ಟ. ನನಗೂ ತಡೆಯಲಾಗಲಿಲ್ಲ, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಎದ್ದು ಹೋಗಿ, ಸೋಸಿದ ನೀರು ತಂಬಿಗೆಯಲ್ಲಿ ತಂದು ಅಣ್ಣನಿಗೆ ಕೊಟ್ಟಳು. ಅವನು ಕುಡಿದು ಉಳಿಸಿದ್ದನ್ನು ತಾನು ಕುಡಿದಳು. ನನ್ನ ಕಡೆ ನೋಡಲಿಲ್ಲ. ಊಟಕ್ಕೆ ಬಡಿಸುವಾಗಲೂ ಮಾತಾಡಲಿಲ್ಲ. ಹೋಳಿಗೆ ಮಾತ್ರ ಎರಡು ಹೆಚ್ಚು ಹಾಕಿದಳು.

ಮಧ್ಯಾಹ್ನದ ಮೇಲೆ ಸೊಸೆ ಇನ್ನೊಂದು ಸಿನಿಮಾ ಹಚ್ಚಿದಳು, ಈಗಿನದು, ಒಂದು ಬಸ್ ಸ್ಟ್ಯಾಂಡಿನಲ್ಲಿ ಒಂದೇ ದಿನ ನಡೆಯುವ ಕಥೆ. ಒಳ್ಳೆಯ ಸಿನಿಮಾ. ಮುಗಿಯಲು ಇನ್ನೂ ಅರ್ಧ ತಾಸು ಇದ್ದಾಗ ದೊಡ್ಡವ್ವ ಕಿಟಕಿಯಾಚೆ ಇಳಿಯುವ ಬಿಸಿಲು ನೋಡಿ ಎದ್ದಳು. ಸೊಸೆ, “ಪಾಜ್ ಮಾಡ್ತೀನ್ರಿ ಅತ್ತಿ, ಉಂಡ ಬಂದ ನೋಡೀರಂತ” ಎಂದಳು.

“ಬ್ಯಾಡ. ಇವಾ ನೋಡ್ತಾನ, ಹೇಳ್ತಾನ” ಎಂದು ದೊಡ್ಡವ್ವ ಅಣ್ಣನ ಕೈ ಹಿಡಿದು ಎಬ್ಬಿಸಿದಳು.

ಬೆಳಗಿನ ಆ ಅಳುವಿನ ನಂತರ ನನಗೆ ಸಂಬಂಧಿಸಿದ ಮೊದಲ ಮಾತು ಅದು. ಧೈರ್ಯ ಮಾಡಿ ಕೇಳಿದೆ, “ಕೊನಿ ಹ್ಯಾಂಗ ಹೇಳ್ಲಿ ದೊಡ್ಡವ್ವಾ?”

“ಹ್ಯಾಂಗೈತಿ ಹಂಗ ಹೇಳು. ಮುಂದ ಏನ ಮಾಡಬೇಕನ್ನೂದು ನಮಗ ಗೊತ್ತೈತಿ.”

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಧಾನಕ್ಕೆ ಅಡುಗೆಮನೆಯತ್ತ ಹೋದರು. ನಾನು ಕೂತು ಕೊನೆ ನೋಡಿದೆ.