ಉಜ್ಜಿನಪ್ಪ ಮಾವ ದೇಶ ಹುಡುಕಿದ್ದು

ನಮ್ಮ ಸೋದರಮಾವ ಉಜ್ಜಿನಪ್ಪನಿಗೆ ಪಿಂಚಣಿ ಶುರುವಾದ ಮೇಲೆ ಪರದೇಶಕ್ಕೆ ಹೋಗಿ ನೆಲೆಸುವ ಹುಚ್ಚು ಹಿಡಿಯಿತು. ಪರದೇಶವೆಂದರೆ ಹಡಗು ಹತ್ತಬೇಕೆಂದು ತಿಳಿಯಬೇಡಿ. ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲ ಅದು. ಕಂಪ್ಲಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದರೆ ನಿಜಾಮನ ರಾಜ್ಯ. ನಾವು ಅದನ್ನು ಮೊಗಲಾಯಿ ಎನ್ನುತ್ತಿದ್ದೆವು. ಹೊಸಪೇಟೆಯಿಂದ ಬಂಡಿ ಕಟ್ಟಿಕೊಂಡು ಗುಡ್ಡದ ಗಂಡಿ ದಾಟಿದರೆ ಸಂಡೂರು ಸಂಸ್ಥಾನ, ಅಲ್ಲಿ ಬೇರೆಯೇ ರಾಜ. ದಕ್ಷಿಣಕ್ಕೆ ಹೋದರೆ ಮೈಸೂರು ಸೀಮೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟವರು ಸಂಜೆಗೆ ಇನ್ನೊಬ್ಬ ದೊರೆಯ ನೆಲದಲ್ಲಿ ಕೂತು ಅದನ್ನು ತಿನ್ನಬಹುದಿತ್ತು. ನಮಗೆ ಇದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ.

ಮಾವ ಕಂಪ್ಲಿಯ ಕಡವಿನಲ್ಲಿ ಅಬಕಾರಿ ಪೇದೆಯಾಗಿದ್ದವನು. ಮೊಗಲಾಯಿ ಕಡೆಯಿಂದ ಕಳ್ಳ ಸಾರಾಯಿ, ಸೇಂದಿ, ಗಾಂಜಾ ಬಾರದಂತೆ ಹರಿಗೋಲಿನಿಂದ ಇಳಿದವರನ್ನೆಲ್ಲ ತಡೆದು ತಪಾಸಣೆ ಮಾಡುವುದು ಅವನ ನೌಕರಿ. ಭತ್ತದ ಚೀಲಕ್ಕೆ ಸಲಾಕೆ ಚುಚ್ಚುವನು, ಹತ್ತಿಯ ಅಂಡಿಗೆಗೆ ತೋಳುಮಟ ಕೈ ಹಾಕುವನು. ಕೊಡ, ಗಿಂಡಿ, ಗಡಿಗೆ ಯಾವುದು ಕಂಡರೂ ಮೊದಲು ಮೂಗಿಗೆ ಹಿಡಿಯುವನು. ಆ ಮೂಗಿಗೆ ಹೆದರದ ಅಂಬಿಗನಿರಲಿಲ್ಲ. ಲಂಚ ಮುಟ್ಟಲಿಲ್ಲ, ಹೆಂಡವನ್ನು ಕಣ್ಣೆತ್ತಿ ನೋಡಲಿಲ್ಲ. ಅಷ್ಟರ ಮಟ್ಟಿಗೆ ಅವನು ಬಂಗಾರ. ಆದರೆ ಆ ಬಂಗಾರದ ಜೊತೆ ಸಂಸಾರ ಮಾಡಿದವಳು ನಮ್ಮ ಜಂಬಮ್ಮತ್ತಿ. ಅದರ ಸುಖ ಆಕೆಯನ್ನೇ ಕೇಳಬೇಕು.

ಒಮ್ಮೆ ಗಂಗಾವತಿಯಿಂದ ಬಂದ ಮದುವೆಯ ದಿಬ್ಬಣವನ್ನು ದಂಡೆಯಲ್ಲೇ ನಿಲ್ಲಿಸಿದ. ಮದುಮಗಳ ಸೀರೆಯ ಪೆಟ್ಟಿಗೆ ತೆಗೆಸಿದ, ಹೋಳಿಗೆಯ ಬುಟ್ಟಿ ಸುರಿಸಿದ, ಕಳಸದ ನೀರನ್ನೂ ಮೂಸಿ ನೋಡಿದ. ಏನೂ ಸಿಗಲಿಲ್ಲ. ಆ ಮದುಮಗಳು ಸೊಸೆಯಾಗಿ ಬಂದದ್ದು ಮಾವನ ಓಣಿಗೇ! ಅಂದಿನಿಂದ ಓಣಿಯ ಹೆಂಗಸರು ಅತ್ತಿಯನ್ನು ಉಡಿ ತುಂಬಲು ಕರೆಯುವುದನ್ನು ಬಿಟ್ಟರು. ಮುತ್ತೈದೆಯರು ಕೂಡಿ ಒಬ್ಬಳ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಹರಸುವುದು ನಮ್ಮ ಹೆಣ್ಣುಮಕ್ಕಳಿಗೆ ಉಸಿರಾಡಿದಷ್ಟು ಸಹಜ. ಅತ್ತಿಗೆ ಅದು ತಪ್ಪಿತು. ಆಕೆ ತಾನೇ ಮನೆ ಮನೆಗೆ ಹೋಗಿ ಕರೆದು ಬಂದು, ನಡುಮನೆಯಲ್ಲಿ ಚಾಪೆ ಹಾಸಿ, ಎಲೆ ಅಡಿಕೆ ಜೋಡಿಸಿಟ್ಟು ದಾರಿ ಕಾದದ್ದನ್ನು ನಾನೇ ಕಂಡಿದ್ದೇನೆ. ಒಬ್ಬರೂ ಬರಲಿಲ್ಲ. ನನಗೆ ಆಗ ಮಾವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನೌಕರಿ ಮುಗಿದ ದಿನ ಅತ್ತಿ ಗಂಡನಿಗೆ ಹೇಳಿದಳು: "ನಿಮ್ಮನ್ನ ಯಾರೂ ಅರಿಯದ ಸೀಮಿಗೆ ಕರಕೊಂಡು ನಡೀರಿ. ನನ್ನ ಮನ್ಯಾಗ ನಾಕು ಮಂದಿ ಹೆಣ್ಮಕ್ಳು ಬಂದು ಕುಂದ್ರಬೇಕು. ನನಗ ಬ್ಯಾರೆ ಏನೂ ಬ್ಯಾಡ."

ಮಕ್ಕಳಿಲ್ಲದ ಮನೆ. ಆಕೆ ಅದುವರೆಗೆ ಗಂಡನ ಹತ್ತಿರ ಏನನ್ನೂ ಬೇಡಿದವಳಲ್ಲ. ಮಾವ ಒಪ್ಪಿದ. ಒಪ್ಪಿದ್ದು ನಿಜ, ಆದರೆ ದೇಶ ಆರಿಸುವ ಕೆಲಸವನ್ನೂ ಕಡವಿನ ತಪಾಸಣೆಯಂತೆಯೇ ಶುರುಮಾಡಿದ.

ಮೊದಲು ಹೊಡೆದುಹಾಕಿದ್ದು ಮೈಸೂರು ಸೀಮೆಯನ್ನು. ಅಲ್ಲಿಗೆ ಕಾಲಿಡಲೂ ಇಲ್ಲ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೇ ತೀರ್ಪು ಕೊಟ್ಟ. "ರಸ್ತೆ ಚೊಲೋ, ಸಾಲಿ ಚೊಲೋ, ಮಂದಿ ಚೊಲೋ ಅಂತ ಎಲ್ಲಾರೂ ಹೇಳ್ತಾರ. ಯಾರಾದ್ರೂ ಒಬ್ಬರು ಕೆಟ್ಟದ್ದು ಹೇಳಬೇಕೋ ಬ್ಯಾಡೋ? ಏನೋ ಐತಿ ಅಲ್ಲಿ."

ಆಮೇಲೆ ಮೊಗಲಾಯಿ. ಕಂಪ್ಲಿಯ ಅಂಬಿಗರೆಲ್ಲ ಅವನನ್ನು ಬಲ್ಲರು. ಆದ್ದರಿಂದ ಹಂಪಿಯ ಹತ್ತಿರ ತಳವಾರಘಟ್ಟಕ್ಕೆ ಹೋಗಿ ಅಲ್ಲಿಂದ ಹೊಳೆ ದಾಟಿದ. ದಾಟಿಸಿದ ಅಂಬಿಗ ಹುಲುಗಪ್ಪ ಮುಂದೆ ನಡೆದದ್ದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕ. ಆಚೆ ದಂಡೆಯಲ್ಲಿ ನಿಜಾಮನ ಸುಂಕದ ಜವಾನ ಬೇವಿನ ನೆರಳಲ್ಲಿ ಕೂತಿದ್ದನಂತೆ. ಮಾವನ ಗಂಟನ್ನು ದೂರದಿಂದಲೇ ನೋಡಿ, ಹೋಗು ಹೋಗು ಎಂದು ಕೈ ಬೀಸಿದನಂತೆ. ಬೇರೆ ಯಾರೇ ಆಗಿದ್ದರೂ ಪುಣ್ಯವೆಂದು ನಡೆದುಬಿಡುತ್ತಿದ್ದರು. ನಮ್ಮ ಮಾವ ನಿಂತುಬಿಟ್ಟ.

"ಗಂಟು ಬಿಚ್ಚಲಿಲ್ಲ, ಏನಿಲ್ಲ. ಹಿಂಗೇನು ನೌಕರಿ ಮಾಡೂದು?" ಎಂದು ಜವಾನನನ್ನು ಗದರಿದ. ತಾನೇ ಗಂಟು ಬಿಚ್ಚಿದ. ಧೋತರದ ಮಡಿಕೆ ಎಲ್ಲಿ ತಡವಬೇಕು, ರೊಟ್ಟಿಯ ಅಡಿಗೆ ಹೇಗೆ ಕೈ ಹಾಕಬೇಕು ಎಂದು ಮಾಡಿ ತೋರಿಸಿದ. ಜವಾನನಿಗೆ ಆಗ ನಿಜವಾಗಿ ಅನುಮಾನ ಬಂತು. ಇಷ್ಟು ತಿಳಿದವನು ಒಂದೋ ಪಳಗಿದ ಕಳ್ಳ, ಇಲ್ಲವೇ ಬ್ರಿಟಿಷರ ಗೂಢಚಾರ ಎಂದು ಮಾವನನ್ನು ಚಾವಡಿಗೆ ಎಳೆದೊಯ್ದು ಸಂಜೆತನಕ ಕೂಡಿಸಿದರು. ಮರಳಿ ಬಂದ ಮಾವನಿಗೆ ತಾನು ಸಿಕ್ಕಿಬಿದ್ದದ್ದಕ್ಕೆ ಬೇಸರವಿರಲಿಲ್ಲ. "ಚಾವಡ್ಯಾಗೂ ನನ್ನ ರುಮಾಲು ಬಿಚ್ಚಿಸಿ ನೋಡಲಿಲ್ಲ ಆ ಮಕ್ಳು" ಎಂದು ಅದನ್ನೇ ವಾರಗಟ್ಟಲೆ ಹೇಳಿದ. ಅಲ್ಲಿಗೆ ಮೊಗಲಾಯಿಯೂ ಮುಗಿಯಿತು.

ಉಳಿದದ್ದು ಸಂಡೂರು. ಈ ಸಲ ಅತ್ತಿ ಗಂಡನನ್ನು ಒಬ್ಬನೇ ಬಿಡಲಿಲ್ಲ. ನನ್ನನ್ನೂ ಬಂಡಿಯಲ್ಲಿ ಕೂಡಿಸಿಕೊಂಡಳು. ಗುಡ್ಡಗಳ ನಡುವೆ ಬಟ್ಟಲಿನಲ್ಲಿಟ್ಟಂತಿದ್ದ ಊರು. ಕೆಮ್ಮಣ್ಣಿನ ದಾರಿ, ತಂಪು ಗಾಳಿ. ನಮ್ಮವರದೇ ಓಣಿಯಲ್ಲಿ ಒಂದು ಮನೆ ಖಾಲಿ ಇತ್ತು. ಇಷ್ಟು ಚೊಲೋ ಮನೆ ಖಾಲಿ ಯಾಕೆ ಬಿದ್ದಿದೆ ಎಂದು ಮಾವ ಅಟ್ಟ ಹತ್ತಿ ನೋಡಿದ, ಬಾವಿಗೆ ಬಗ್ಗಿ ನೋಡಿದ, ಒಲೆಯ ಬೂದಿ ಕೆದರಿ ನೋಡಿದ. ಅತ್ತಿ ಮಾತ್ರ ನಡುಮನೆಯಲ್ಲಿ ನಿಂತು ಎಷ್ಟು ಚಾಪೆ ಹಿಡಿಯುತ್ತವೆಂದು ಕಣ್ಣಲ್ಲೇ ಅಳೆಯುತ್ತಿದ್ದಳು.

"ಯಾರು ಕೇಳಿದ್ರೂ ರೈಲ್ವೆದಾಗ ಇದ್ದೆ ಅನ್ರಿ. ಕೈ ಎರಡೂ ಬೆನ್ನ ಹಿಂದ ಇಟಗೊಳ್ರಿ," ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದಳು.

ಮಾವ ಪಾಪ, ಪ್ರಯತ್ನ ಮಾಡಿದ. ಪಕ್ಕದ ಮನೆಯ ಅಕ್ಕನಾಗಮ್ಮ ಮೊದಲ ದಿನವೇ ಮಜ್ಜಿಗೆಯ ಗಿಂಡಿ ಹಿಡಿದು ಬಂದಾಗ ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಗೋಡೆಯ ಕಡೆ ಮುಖ ಮಾಡಿ ನಿಂತ. "ನಿಮ್ಮ ಯಜಮಾನ್ರು ಭಾಳ ಮರ್ಯಾದಸ್ತರು ನೋಡ್ರಿ" ಎಂದಳು ಅಕ್ಕನಾಗಮ್ಮ. ಅತ್ತಿ ನಾಚಿ, ಮುಖ ಅರಳಿಸಿಕೊಂಡು ಸೆರಗು ಸರಿಪಡಿಸಿಕೊಂಡಳು. ಆಕೆಯ ಆ ಮುಖವನ್ನು ನೋಡಿ ನನಗೂ ಈ ಸಂಸ್ಥಾನ ಸರಿಹೋದೀತು ಅನ್ನಿಸಿತು.

ಗೃಹಪ್ರವೇಶದ ದಿನ ಮಠದ ಅಯ್ಯನವರು ಬಂದರು. ಓಣಿಯ ಹೆಂಗಸರೆಲ್ಲ ಬಂದರು. ನಡುಮನೆ ತುಂಬಿ, ಪಡಸಾಲೆ ತುಂಬಿ, ಅಂಗಳದಲ್ಲೂ ಮಂದಿ. ಅತ್ತಿ ಕೂತಲ್ಲಿ ಕೂಡುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಪೂಜೆ ಮುಗಿದು ಅಯ್ಯನವರು ಪಾದೋದಕ ಕೊಡಲು ಬಂದರು. ಮನೆಯ ಯಜಮಾನನಿಗೆ ಮೊದಲು. ಬೆನ್ನ ಹಿಂದಿನ ಕೈ ಈಗ ಮುಂದೆ ಚಾಚಲೇಬೇಕಲ್ಲ. ಮಾವ ಬಲಗೈ ಒಡ್ಡಿದ, ತೀರ್ಥ ಬಿತ್ತು. ಬಾಯಿಗೆ ಹೋಗಬೇಕಾದ ಕೈ ದಾರಿಯಲ್ಲಿ ಮೂಗಿನ ಹತ್ತಿರ ನಿಂತಿತು. ಮಾವ ಕಣ್ಣು ಮುಚ್ಚಿ ಒಮ್ಮೆ ಉದ್ದಕ್ಕೆ ಉಸಿರೆಳೆದ.

ನಮ್ಮಲ್ಲಿ ಮೂಸಿದ ಹೂವನ್ನು ಕೂಡ ಲಿಂಗಕ್ಕೆ ಏರಿಸುವುದಿಲ್ಲ. ಅಯ್ಯನವರ ಪಾದೋದಕವನ್ನು ಸಾರಾಯಿಯಂತೆ ಮೂಸಿದವನನ್ನು ಆ ಮನೆಯಲ್ಲಿದ್ದ ಯಾರೂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಯ್ಯನವರು ಗಿಂಡಿ ಕೆಳಗಿಟ್ಟರು.

"ರೈಲ್ವೆದಾಗ ತೀರ್ಥ ಮೂಸೂದು ಕಲಿಸ್ತಾರೇನ್ರಿ?" ಎಂದು ಅಕ್ಕನಾಗಮ್ಮ ಕೇಳಿದಳು.

ಕೈಗೆ ಬಿದ್ದದ್ದನ್ನೆಲ್ಲ ಮೂಸುವ ನೌಕರಿ ಯಾವುದೆಂದು ಗಡಿಯ ಊರಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ರಿಟಿಷ್ ಸರ್ಕಾರದ ಅಬಕಾರಿಯವನೊಬ್ಬ ಸಂಸ್ಥಾನದೊಳಗೆ ಹೆಸರು ಮುಚ್ಚಿಟ್ಟುಕೊಂಡು ಮನೆ ಮಾಡಿದ್ದಾನೆ ಎಂಬ ಸುದ್ದಿ ಊಟದ ಎಲೆ ಎತ್ತುವ ಮೊದಲೇ ಪೇಟೆ ಮುಟ್ಟಿತು. ಮರುದಿನದಿಂದ ನಮ್ಮ ಬಾಗಿಲ ಮುಂದೆ ಹಾಯುವವರು ಸೆರಗಿನಿಂದ ತಂಬಿಗೆ ಮುಚ್ಚಿಕೊಂಡು ಹಾಯತೊಡಗಿದರು. ಮಾವನಿಗೆ ಅದರ ಮೇಲೂ ಅನುಮಾನ. "ಆ ತಂಬಿಗ್ಯಾಗ ಏನಿರಬೇಕು?" ಎಂದು ಕಿಟಕಿಯಿಂದ ಇಣುಕಿದ.

ಅತ್ತಿ ಅಳಲಿಲ್ಲ, ಬೈಯಲಿಲ್ಲ. ಹಾಸಿದ್ದ ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು.

ಕೆಲವು ದಿನ ಕಳೆದ ಮೇಲೆ ಮಾವ ಬಂಡಿ ತರಿಸಿದ. "ಹೋಗ್ಲಿ ಬಿಡು. ಮೈಸೂರು ಸೀಮಿ ನೋಡಿಬರೋಣ. ಇನ್ನೂ ದೇಶ ಇದಾವ," ಅಂದ. ಹಾಸಿಗೆ, ಪಾತ್ರೆ, ದೇವರ ಪೆಟ್ಟಿಗೆ ಎಲ್ಲ ಏರಿದವು. ಅತ್ತಿ ಮಾತ್ರ ಹೊಸ್ತಿಲ ಒಳಗೆ ಕೂತೇ ಇದ್ದಳು.

"ಏಳು, ಹೊತ್ತಾತು."

"ನಾ ಬರೂದಿಲ್ರಿ."

"ಬರೂದಿಲ್ಲ ಅಂದ್ರ?"

"ನೀವು ದೇಶ ಬದ್ಲಿ ಮಾಡ್ತೀರಿ, ಮೂಗು ಬದ್ಲಿ ಮಾಡೂದಿಲ್ಲ. ಮೈಸೂರಾಗೂ ಇದ ಮೂಗು, ಕಾಶ್ಯಾಗೂ ಇದ ಮೂಗು. ನಾ ಇಲ್ಲೇ ಇರ್ತೀನಿ. ನೀವು ಹೊಸಪ್ಯಾಟ್ಯಾಗ ತಾಯಕ್ಕನ ಮನ್ಯಾಗ ಇರ್ರಿ."

ತಾಯಕ್ಕ ಎಂದರೆ ನಾನು. ನನ್ನನ್ನು ಕೇಳದೆಯೇ ಮಾವನನ್ನು ನನ್ನ ಕೊರಳಿಗೆ ಕಟ್ಟಿದಳು. ಗಂಡ ಹೆಂಡತಿ ಬೇರೆ ಬೇರೆ ರಾಜ್ಯದಲ್ಲಿ ಇರುವುದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ, ನಾಳೆ ಬಂಧುಗಳು ಏನೆಂದಾರು ಎಂಬ ಹೆದರಿಕೆ ನನಗೂ ಇತ್ತು. ಆದರೆ ಆಕೆಯ ಮಾತು ಸರಿಯೆಂದು ನನಗೆ ಒಳಗೊಳಗೇ ಗೊತ್ತಿತ್ತು. ಮಾವ ದೇವರ ಪೆಟ್ಟಿಗೆಯನ್ನು ಬಂಡಿಯಿಂದ ತಾನೇ ಇಳಿಸಿ ಒಳಗಿಟ್ಟು ಬಂದ.

ಅವನು ಹೋದ ವಾರವೇ ಅಕ್ಕನಾಗಮ್ಮ ಮತ್ತೆ ಮಜ್ಜಿಗೆ ತಂದಳಂತೆ.

ಹೊಸಪೇಟೆಯಲ್ಲಿ ಮಾವ ನನ್ನ ಹಾಲಿನವಳನ್ನು, ಎಣ್ಣೆಯವನನ್ನು, ಕೊನೆಗೆ ನನ್ನ ಯಜಮಾನರನ್ನೂ ಬಿಡದೆ ಅನುಮಾನಿಸಿದ. ಅವರೆಲ್ಲರಿಗಿಂತ ಹೆಚ್ಚಾಗಿ ಅತ್ತಿಯನ್ನು. "ಆಕಿ ಅಲ್ಲಿ ಯಾಕ ಇರ್ತಾಳ? ಬರೇ ಹೆಂಗಸ್ರ ಸಲುವಾಗಿ ಯಾರಾದ್ರೂ ಗಂಡನ್ನ ಬಿಡ್ತಾರೇನು? ಏನೋ ಐತಿ, ತಾಯಕ್ಕ." ಅಮಾವಾಸ್ಯೆಗೊಮ್ಮೆ ಬದನೆ, ಬೆಲ್ಲ, ಕಂಪ್ಲಿಯ ಬಾಳೆಹಣ್ಣು ಹೇರಿಕೊಂಡು ಸಂಡೂರಿಗೆ ಹೋಗುತ್ತಿದ್ದ. ಗಡಿಯ ಸುಂಕದ ಕಟ್ಟೆಯಲ್ಲಿ ಸಂಸ್ಥಾನದ ಜವಾನರು ಅವನ ಬುಟ್ಟಿಯನ್ನು ತಳದತನಕ ಸುರಿದು ನೋಡುತ್ತಿದ್ದರು, ರುಮಾಲನ್ನೂ ಬಿಚ್ಚಿಸುತ್ತಿದ್ದರು. ಆಗ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅತ್ತಿಯ ಮನೆಯಲ್ಲಿ ಹೆಂಗಸರಿದ್ದರೆ ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಶ್ರಾವಣದಲ್ಲಿ ನಾನೂ ಜೊತೆಗೆ ಹೋಗಿದ್ದೆ. ಅಂದು ಓಣಿಯವರು ಅತ್ತಿಗೆ ಉಡಿ ತುಂಬುತ್ತಿದ್ದರು. ಆಕೆಯ ಸೆರಗು ಅಕ್ಕಿಯ ಭಾರಕ್ಕೆ ಜಗ್ಗುತ್ತಿತ್ತು. ಯಾರೋ ಏನೋ ಚೇಷ್ಟೆ ಮಾಡಿದರು, ಮನೆಯೆಲ್ಲ ನಗು. ಮಾವನಿಗೆ ನೀರು ಕೊಡಲು ನಾನು ಹೊರಗೆ ಬಂದೆ. ಅವನು ಕಟ್ಟೆಯ ತುದಿಗೆ ಸರಿದು, ಬಾಗಿಲ ಕಡೆ ಕಿವಿ ಹಚ್ಚಿ ಕೂತಿದ್ದ. ಹುಬ್ಬು ಗಂಟಿಕ್ಕಿತ್ತು.

"ಒಳಗ ಯಾರು ಬಂದಾರ?"

"ಓಣಿ ಹೆಣ್ಮಕ್ಳು, ಮಾವ."

"ಅಲ್ಲ. ಒಬ್ಬಾಕಿ ಎಲ್ಲಾರಿಗಿಂತ ಜೋರಾಗಿ ನಗಾಕತ್ಯಾಳ ನೋಡು. ಆಕಿ ಹೊಸಬಾಕಿ. ಯಾವೂರಾಕಿ, ಯಾಕ ಬಂದಾಳ, ಕೇಳಿಕೊಂಡು ಬಾ ಹೋಗು."

ನಾನು ಕಿವಿಗೊಟ್ಟು ಕೇಳಿದೆ.

"ಮಾವ, ಅದು ಅತ್ತಿ."

ಅವನು ನನ್ನ ಮುಖವನ್ನೇ ನೋಡಿದ. ಕಡವಿನಲ್ಲಿ ಸುಳ್ಳು ಹೇಳುವವರನ್ನು ನೋಡುತ್ತಿದ್ದ ಹಾಗೆ ನೋಡಿದ. ಒಳಗಿನಿಂದ ಇನ್ನೊಮ್ಮೆ ಆ ನಗು ಬಂತು.

"ಆಕಿ ನಗೂದು ನಾ ಕೇಳೇ ಇಲ್ಲಲ್ಲ, ತಾಯಕ್ಕ," ಅಂದ.

ನೀರಿನ ತಂಬಿಗೆ ಅವನ ಕೈಯಲ್ಲೇ ಉಳಿಯಿತು. ಹೆಂಗಸರೆಲ್ಲ ಎದ್ದು ಹೋಗುವತನಕ ಅವನು ಆ ಕಟ್ಟೆಯ ಮೇಲಿಂದ ಕದಲಲಿಲ್ಲ.