ಅಕ್ಕನ ಮದುವೆಯ ಹಸೆಗೋಡೆ

ನಾನು ಚಿಕ್ಕವನಿದ್ದಾಗ ದಣಿದದ್ದು ಗದ್ದೆ ಕೆಲಸದಿಂದಲ್ಲ ಮಕ್ಕಳೇ, ಜನರ ಬಾಯಿಂದ. ಈಗ ಮುದುಕನಾದ ಮೇಲೆ ನೆನೆದರೂ ಆ ಸುಸ್ತು ಹಾಗೇ ಇದೆ. ನಾನು ಮಾಡಿದ್ದಾದರೂ ಏನು? ಅಮ್ಮನ ಪಕ್ಕ ಕೂತು ಚಿತ್ತಾರ ಬರೆಯುವುದನ್ನು ಕಲಿತಿದ್ದೆ, ಅಷ್ಟೇ.

ಆನಂದಪುರದ ಹತ್ತಿರ ನಮ್ಮ ಊರು. ನಮ್ಮ ಕಡೆ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಹಸೆಗೋಡೆ. ಮದುಮಕ್ಕಳು ಕೂರುವುದು ಅದರ ಮುಂದೆ. ಬರೆಯುವುದು ಹೆಂಗಸರ ಕೆಲಸ, ಗಂಡಸರದು ಚಪ್ಪರ. ಹಾಗಂತ ಯಾರು ಹೇಳಿದರೋ, ಯಾರಿಗೂ ಗೊತ್ತಿರಲಿಲ್ಲ.

ಅಕ್ಕನ ಮದುವೆಯ ಹಿಂದಿನ ದಿನ ಅನ್ನ ಬಸಿಯುವಾಗ ಬಿಸಿ ಗಂಜಿ ಚೆಲ್ಲಿ ಅಮ್ಮನ ಬಲಗೈ ಸುಟ್ಟಿತು. ಗೋಡೆ ಕೆಂಪಗೆ ಖಾಲಿ ನಿಂತಿತ್ತು. ಬೇರೆ ಯಾರನ್ನಾದರೂ ಕರೆತರಲು ಅಪ್ಪ ಹೊರಟರು. ಅಕ್ಕ ಬಿಡಲಿಲ್ಲ. ‘ಬರೆಯೋನು ಮನೇಲೇ ಇದಾನಲ್ಲ. ಅದ್ರ ಮುಂದೆ ಕೂರೋಳು ನಾನು. ತಮ್ಮನೇ ಬರೀಲಿ’ ಎಂದಳು.

‘ಗಂಡು ಹುಡ್ಗ ಹಸೆಗ್ವಾಡೆ ಬರದ್ರೆ ನೆಂಟ್ರು ಎಂತ ಅಂತಾರೆ?’ ಎಂದರು ಅಪ್ಪ. ಬೈಯುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಚಪ್ಪರದ ಕಡೆ ನಡೆದರು.

ನಾನು ಪುಂಡಿ ನಾರಿನ ಕುಂಚ ಹಿಡಿದೆ. ಹಸಿ ಮಣ್ಣಿನ ವಾಸನೆ, ಬೆರಳಿಗೆ ಅಕ್ಕಿನೀರಿನ ತಂಪು. ಅಮ್ಮ ಪಕ್ಕದಲ್ಲೇ ಕೂತು, ಎಳೆ ಸೊಟ್ಟಗಾದಾಗಲೆಲ್ಲ ಸಣ್ಣಗೆ ಕೆಮ್ಮುತ್ತಿದ್ದಳು. ಸೊಂಟ ಹಿಡಿದುಕೊಂಡಿತು, ಕೈ ಮರಗಟ್ಟಿತು. ಬಾಗಿಲಲ್ಲಿ ಇಣುಕಿದ ನೆಂಟರು ‘ಬಳೆ ತೊಡ್ಸಿ ಇವ್ನಿಗೆ’ ಎಂದು ನಕ್ಕರು. ಕಣ್ಣು ತುಂಬಿ ಬಂದು ಎಳೆಗಳೇ ಕಾಣದಾದವು. ಒರೆಸಿಕೊಂಡು ಬರೆದೆ. ಸಂಜೆಯ ಹೊತ್ತಿಗೆ ಗೋಡೆ ತುಂಬಿತು.

ಮಾರನೆಯ ದಿನ ದಿಬ್ಬಣ ಬಂತು. ಗಂಡಿನ ಕಡೆಯ ಹಿರಿಯರೊಬ್ಬರು ಗೋಡೆಯನ್ನೇ ನೋಡುತ್ತ, ‘ಎಂಥಾ ಕೈ ಮಾರಾಯ್ರೇ! ಯಾರು ಬರ್ದಿದ್ದು?’ ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಲಿಲ್ಲ. ‘ಮನೆಯೋಳು’ ಎಂದುಬಿಟ್ಟರು. ನಾನು ಕಂಬದ ಹಿಂದೆ ಸರಿದೆ. ನೆಂಟರು ನಕ್ಕಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ತಲೆ ತಗ್ಗಿಸಿ ಕೂರಬೇಕಾದ ಮದುಮಗಳು ಆಗ ತಲೆಯೆತ್ತಿದಳು. ‘ಅಮ್ಮನ ಕೈ ಸುಟ್ಟಿದೆ. ಬರ್ದಿದ್ದು ನನ್ನ ತಮ್ಮ’ ಎಂದಳು, ಚಪ್ಪರಕ್ಕೆಲ್ಲ ಕೇಳುವಂತೆ. ಕೆಲವರು ನಕ್ಕರು. ಮದುಮಗಳು ಬಾಯಿಬಿಟ್ಟಳಲ್ಲ ಎಂದು ಇನ್ನು ಕೆಲವರು ಗೊಣಗಿದರು. ಅಪ್ಪ ಕಂಬದ ಹಿಂದಕ್ಕೆ ಬಂದು ನನ್ನ ಕೈ ಹಿಡಿದು ಎಲ್ಲರೆದುರು ನಿಲ್ಲಿಸಿ, ‘ಹೌದು, ಇವ್ನೇ’ ಎಂದರು.

ಊರವರ ನಗು ಅಲ್ಲಿಗೇ ಮುಗಿಯಲಿಲ್ಲ. ಅವರಿಟ್ಟ ಅಡ್ಡಹೆಸರು ಬಹಳ ವರ್ಷ ಬೆನ್ನು ಬಿಡಲಿಲ್ಲ. ನಾನೂ ಚಿತ್ತಾರ ಬಿಡಲಿಲ್ಲ.

‘ನಮ್ಮ ಕಾಲ ಬೇರೆ ಅಜ್ಜ’ ಎನ್ನುತ್ತೀರಿ ನೀವು. ನಿಜ, ನಿಮ್ಮಲ್ಲೊಬ್ಬಳು ಸಾಗರ ಪೇಟೆಗೆ ತಾನೇ ಬೈಕ್ ಓಡಿಸಿಕೊಂಡು ಹೋಗಿಬರುತ್ತಾಳೆ. ಆದರೆ ಮೊನ್ನೆ ನಿಮ್ಮಲ್ಲಿ ಎಲ್ಲರಿಗಿಂತ ಕಿರಿಯವನು ಜಗಲಿಯಲ್ಲಿ ಕೂತು ಗೊಂಬೆಗೆ ಬಟ್ಟೆ ಹೊಲಿಯುತ್ತಿದ್ದ. ಪಕ್ಕದ ಮನೆಯ ಯಜಮಾನರು ಬಂದು, ‘ಎಂತದಾ ಇದು, ಗಂಡು ಹುಡ್ಗ ಸೂಜಿ ಹಿಡಿಯೋದಾ?’ ಎಂದು ನಕ್ಕರು. ಇಷ್ಟು ವರ್ಷವಾದರೂ ಈ ಮಾತಿಗೆ ಸಾವಿಲ್ಲವಲ್ಲ ಎಂದು ನಾನು ಸುಸ್ತಾಗಿ ಕಣ್ಣು ಮುಚ್ಚಿದೆ.

ಅವನಿಗೆ ಯಾವ ಸುಸ್ತೂ ಇರಲಿಲ್ಲ. ‘ನಿಮ್ಮ ಅಂಗಿ ಗುಂಡಿ ಕಿತ್ತೋಗಿದೆ ಮಾವ, ಹಾಕ್ಕೊಡ್ಲಾ?’ ಎಂದ.

ಅವರು ಅಂಗಿ ಬಿಚ್ಚಿ ಕೊಟ್ಟರು.