ಓಲೆ ಕದ್ದ ಸೊಸೆ

ಎಂಬತ್ತರ ದಶಕದ ನಡುವೆ ನಮ್ಮಜ್ಜಿಗೆ ಮರೆವು ಶುರುವಾಯಿತು. ತಮಿಳು ಸೀಮೆಯ ಉಡುಮಲೈಪೇಟೆ ಹತ್ತಿರ ತೆಂಗಿನ ತೋಟದ ಮನೆ ನಮ್ಮದು. ನಾನು ಬಿ.ಕಾಂ. ಮುಗಿಸಿ, ಗಂಡು ಸಿಗಲಿ ಅಂತ ಮನೆಯಲ್ಲೇ ಕೂತಿದ್ದೆ. ಹಾಗಾಗಿ ಎಲ್ಲ ಕಣ್ಣಾರೆ ಕಂಡೆ. ಮೊದಮೊದಲು ಅಮ್ಮ ಮಾಡಿಟ್ಟ ಸಾರಿಗೆ ಅಜ್ಜಿ ಮತ್ತೆ ಉಪ್ಪು ಹಾಕುತ್ತಿದ್ದಳು. ಅದು ಮರೆವು ಅಂತ ನಮಗೆ ಹೊಳೆಯಲಿಲ್ಲ, ಸೊಸೆಯ ಮೇಲಿನ ಹಳೇ ಸಿಟ್ಟು ಅಂದುಕೊಂಡೆವು.

ಆಮೇಲೆ ಅಜ್ಜಿಯ ಕಿವಿಯೋಲೆ ಕಳೆದುಹೋಯಿತು. ಅಂದರೆ ಕಳೆದಿರಲಿಲ್ಲ. ಆ ಕೆಂಪುಕಲ್ಲಿನ ಓಲೆಯನ್ನು ಅಜ್ಜಿಯೇ ತನ್ನ ಮಗಳಿಗೆ, ನನ್ನ ಸೋದರತ್ತೆಗೆ, ಮದುವೆಯಲ್ಲಿ ಕೊಟ್ಟಿದ್ದಳು. ಸೋದರತ್ತೆ ಬಂದು ಕಿವಿ ತೋರಿಸಿದರೂ ಅಜ್ಜಿ "ಇದು ಬೇರೆ" ಅಂದುಬಿಟ್ಟಳು. ಸೊಸೆಯೇ ಕದ್ದದ್ದು ಅಂತ ಹಾಲಿನವನಿಗೆ ಹೇಳಿದಳು, ಬಸ್ಸಿಗೆ ಕಾದು ನಿಂತವರಿಗೂ ಹೇಳಿದಳು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವಳು ಇದನ್ನು ಮಾತ್ರ ಊರಿಗೆಲ್ಲ ತಿಳಿಯಲಿ ಅಂತ ತಮಿಳಿನಲ್ಲಿ ಹೇಳುತ್ತಿದ್ದಳು.

ಅಮ್ಮ ಅತ್ತಳು, ಆಣೆ ಇಟ್ಟಳು, ಬೀರು ತೆಗೆದು ತೋರಿಸಿದಳು. ಜಗಳ ಶುರುವಾದ ಕೂಡಲೇ ಅಪ್ಪ ತೋಟಕ್ಕೆ ನೀರು ಬಿಡಲು ಹೋಗುತ್ತಿದ್ದ. ಆ ವರ್ಷ ನಮ್ಮ ತೆಂಗಿನಮರಗಳು ಕುಡಿದಷ್ಟು ನೀರನ್ನು ಸುತ್ತಲಿನ ಯಾವ ಮರವೂ ಕುಡಿದಿರಲಿಕ್ಕಿಲ್ಲ.

ಕೊನೆಗೆ ಕೊಯಮತ್ತೂರಿನ ಡಾಕ್ಟರೊಬ್ಬರಿಗೆ ತೋರಿಸಿದೆವು. "ಇವತ್ತು ಯಾವ ವಾರ ಪಾಟೀ?" ಅಂತ ಅವರು ಅಜ್ಜಿಯನ್ನು ಕೇಳಿದರು.

"ಇಷ್ಟು ಓದಿದ್ದೀಯ, ನಿನಗೆ ಅದೂ ಗೊತ್ತಿಲ್ವಾ?" ಅಂದಳು ಅಜ್ಜಿ.

ಡಾಕ್ಟರು ನಕ್ಕು ಅಮ್ಮನ ಕಡೆ ತಿರುಗಿದರು. "ಇದು ಹಟ ಅಲ್ಲಮ್ಮಾ, ಮೆದುಳಿನ ಕಾಯಿಲೆ. ವಾಸಿ ಮಾಡೋ ಔಷಧಿ ಇಲ್ಲ. ವಾದಕ್ಕೆ ಇಳಿಯಬೇಡಿ, ಗೆಲ್ಲೋಕಾಗಲ್ಲ. ಅವರು ಹೇಳಿದ್ದಕ್ಕೆ ಹೂಂ ಅನ್ನಿ. ನೀವೂ ಒಂದಿಷ್ಟು ನಿದ್ದೆ ಮಾಡಿ." ಮದುವೆಯಾದ ಮೇಲೆ ಅಮ್ಮನಿಗೆ ನಿದ್ದೆ ಮಾಡು ಅಂದ ಮೊದಲ ಮನುಷ್ಯ ಅವರೇ.

ಮುಂದಿನ ವಾರ ಅಜ್ಜಿ ಹೊಸ ಹಟ ಹಿಡಿದಳು. "ಆನೈಮಲೈಗೆ ಹೋಗಬೇಕು. ಮಾಸಾಣಿ ಅಮ್ಮನಿಗೆ ಮೆಣಸಿನಕಾಯಿ ಅರೆದು ಹಚ್ಚಬೇಕು. ಕದ್ದವಳ ಮೈ ಉರಿದು ಹೋಗಲಿ!" ಕಳ್ಳತನವಾದರೆ ನಮ್ಮ ಕಡೆಯವರು ದೂರು ಒಯ್ಯುವುದು ಆ ದೇವಿಯ ಗುಡಿಗೇ.

"ನಡೀರಿ ಅತ್ತೆ, ಹೋಗೋಣ," ಅಂದಳು ಅಮ್ಮ.

"ಅಮ್ಮಾ, ಕದ್ದವಳು ನೀನೇ ಅಲ್ವಾ?" ಅಂದೆ ನಾನು.

"ಡಾಕ್ಟರು ವಾದ ಮಾಡಬೇಡಿ ಅಂದಿದ್ದಾರೆ."

ಗುಡಿಯಲ್ಲಿ ಒರಳಿನ ಮುಂದೆ ಕೂತ ಅಜ್ಜಿ ನಾಲ್ಕು ಸುತ್ತಿಗೇ ಸುಸ್ತಾದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಮೇಲೆ ಬೀಳಬೇಕಾದ ಶಾಪವನ್ನು ತಾನೇ ಅರೆಯತೊಡಗಿದಳು. ಅಷ್ಟರಲ್ಲಿ ಅಜ್ಜಿಗೆ ಅವಳ ಗುರುತು ತಪ್ಪಿತ್ತು. ಯಾರೋ ಪುಣ್ಯಾತ್ಗಿತ್ತಿ ಸಹಾಯಕ್ಕೆ ಬಂದಿದ್ದಾಳೆ ಅಂದುಕೊಂಡಳು.

"ನುಣ್ಣಗೆ ಅರೀತೀಯ ಕಣಮ್ಮ. ನನ್ನ ಸೊಸೆಯಾಗಿದ್ದರೆ ತರಿತರಿ ಬಿಡ್ತಿದ್ದಳು."

"ಅಷ್ಟು ಸೋಮಾರಿನಾ?"

"ಅಯ್ಯೋ, ಕೇಳಬೇಡ."

"ನಿಮ್ಮ ಮಗ ಏನೂ ಹೇಳಲ್ವಾ?"

"ಅವನಾ? ಹೆಂಗಸರು ಬಾಯಿ ತೆಗೆದರೆ ಸಾಕು, ತೋಟಕ್ಕೆ ಓಡ್ತಾನೆ."

ಅಮ್ಮ ಅರೆಯುವುದು ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು. ಅಜ್ಜಿಯೂ ನಕ್ಕಳು. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

ಮಾಸಾಣಿ ಅಮ್ಮ ನ್ಯಾಯಕ್ಕೆ ತಡ ಮಾಡಲಿಲ್ಲ. ವಾಪಸು ಬರುವ ಬಸ್ಸಿನಲ್ಲೇ ಕದ್ದವಳ ಅಂಗೈ ಧಗಧಗ ಉರಿಯಿತು. ಅಜ್ಜಿ ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಊರು ಬರುವವರೆಗೂ ಊದಿದಳು. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆಮೇಲೆ ಓಲೆಯ ಮಾತು ಬಂದಾಗಲೆಲ್ಲ ಅಮ್ಮ, "ದೂರು ಕೊಟ್ಟಾಗಿದೆ, ದೇವಿ ನೋಡ್ಕೋತಾಳೆ," ಅನ್ನುತ್ತಿದ್ದಳು. ಅಜ್ಜಿ ಸುಮ್ಮನಾಗುತ್ತಿದ್ದಳು, ಹೆಚ್ಚಿನ ದಿನ.

ದೀಪಾವಳಿಗೆ ಬಂದ ಸೋದರತ್ತೆ, "ಅಮ್ಮ ಚೆನ್ನಾಗೇ ಇದ್ದಾಳಲ್ಲ ಅತ್ತಿಗೆ, ನೀವೇ ಸುಮ್ಮನೆ ದೊಡ್ಡದು ಮಾಡ್ತೀರ," ಅಂದಳು. ಅಮ್ಮ ವಾದ ಮಾಡಲಿಲ್ಲ. ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಕಿಣತ್ತುಕಡವಿನ ತವರಿಗೆ ಹೋಗಿ ವಾರವಿಡೀ ಮಲಗಿದಳು. ತಿರುಗಿ ಬಂದಾಗ ಸೋದರತ್ತೆಯ ಕಣ್ಣುಗಳು ಗುಳಿ ಬಿದ್ದಿದ್ದವು. "ತಿಂಗಳಿಗೊಮ್ಮೆ ನಾನು ಬರ್ತೀನಿ ಅತ್ತಿಗೆ, ನೀವು ಹೋಗಿ ಬನ್ನಿ," ಅಂದಳು. ಅಂದ ಹಾಗೆ ಬಂದಳು ಕೂಡ.

ಅಜ್ಜಿ ಇನ್ನೂ ಕೆಲವು ವರ್ಷ ಇದ್ದಳು. ಕೊನೆಕೊನೆಗೆ ಅಮ್ಮ ಯಾರು ಅಂತ ತಿಳಿಯದಿದ್ದರೂ ಅವಳ ಕೈತುತ್ತೇ ಆಗಬೇಕಿತ್ತು. ಒಂದು ದಿನ ಪಕ್ಕದ ತೋಟದ ಹೆಂಗಸು ತನ್ನ ಮಾವನಿಗೂ ಹೀಗೇ ಆಗಿದೆ, ಏನು ಮಾಡಲಿ ಅಂತ ಕೇಳಿಕೊಂಡು ಬಂದಳು. ಅಮ್ಮ ಕಾಪಿ ಕೊಟ್ಟು ಕೂರಿಸಿಕೊಂಡು ಮೊದಲು ಕೇಳಿದ್ದು:

"ನಿನಗೆ ನಾದಿನಿ ಇದ್ದಾಳಾ?"